‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕ್ಲಾಸಿನಲ್ಲಿ ಓದಿಸುವುದು ಹೇಗೆ? ಇಂಗ್ಲಿಷ್ ಟೀಚರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ವಿಕ್ಟೋರಿಯನ್ ಕಾಲದ ಕಾದಂಬರಿಯನ್ನು ಪಾಠಕ್ಕೆ ತೆಗೆದುಕೊಂಡ ಟೀಚರ್‌ಗಳು ಬಹುತೇಕ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ವಾರ ಲೇಖಕರ ಜೀವನ, ಆ ಕಾಲದ ಇಂಗ್ಲೆಂಡ್ ಅಂತ ನೋಟ್ಸ್ ಬರೆಸುವುದರಲ್ಲೇ ಮುಗಿಯುತ್ತದೆ. ಎರಡನೇ ವಾರ ಪುಸ್ತಕ ತೆರೆದರೆ ವಾಕ್ಯಗಳು ಉದ್ದ, ಪದಗಳು ಹಳೆಯವು. ಮೂರನೇ ವಾರಕ್ಕೆ ಮಕ್ಕಳ ಕೈಗೆ ಗೈಡ್ ಬಂದಿರುತ್ತದೆ, ಕಾದಂಬರಿ ಬ್ಯಾಗಿನೊಳಗೆ ಸೇರಿರುತ್ತದೆ. ಅಲ್ಲಿಂದ ಮುಂದೆ ನಡೆಯುವುದು ಸಾರಾಂಶದ ಪಾಠ.

ಮಕ್ಕಳ ಇಂಗ್ಲಿಷ್ ಸಾಲದು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನನ್ನ ಪ್ರಕಾರ ತೊಂದರೆ ಇರುವುದು ನಾವು ಪಾಠ ಜೋಡಿಸುವ ಕ್ರಮದಲ್ಲಿ. ಮೊದಲು ಕಥೆ ಕಿವಿಗೆ ಬೀಳಬೇಕು, ಆಮೇಲೆ ವಾಕ್ಯ ಬಿಡಿಸಬೇಕು, ಹಿನ್ನೆಲೆ ಬೇಕಾದ ಕಡೆ ಬೇಕಾದಷ್ಟೇ ಬರಬೇಕು. ಚಾರ್ಲ್ಸ್ ಡಿಕನ್ಸ್‌ರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಒಂಬತ್ತನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳಿಗೆ ಇದು ಹೊಂದುತ್ತದೆ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದದ್ದು

ಎಲ್ಲರ ಹತ್ತಿರ ಪೂರ್ತಿ ಪಠ್ಯ ಇರಲಿ. ಈ ಕಾದಂಬರಿಗೆ 59 ಅಧ್ಯಾಯಗಳು. ಮಕ್ಕಳು ತಂದ ಪುಸ್ತಕದಲ್ಲಿ ಅಷ್ಟು ಇಲ್ಲದಿದ್ದರೆ ಅದು ಸಂಕ್ಷಿಪ್ತ ಆವೃತ್ತಿ ಇರಬಹುದು. ಇಲ್ಲವೇ ಮೂರು ಸಂಪುಟಗಳ ಹಳೆ ಮುದ್ರಣದಂತೆ ಅಧ್ಯಾಯದ ಸಂಖ್ಯೆ ಮಧ್ಯದಲ್ಲಿ ಮತ್ತೆ ಒಂದರಿಂದ ಶುರುವಾಗಿರಬಹುದು. ಮೊದಲ ದಿನವೇ ಇದನ್ನು ನೋಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಪೀರಿಯಡ್‌ನಲ್ಲೂ ಐದು ನಿಮಿಷ ಪುಟ ಹುಡುಕುವುದಕ್ಕೇ ಹೋಗುತ್ತದೆ. ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ, ಹಾಗಾಗಿ ಪುಸ್ತಕಕ್ಕೆ ಈಗ ಕಾಪಿರೈಟ್ ಇಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಬೇಕಾದ ಪುಟಗಳನ್ನು ಪ್ರಿಂಟ್ ತೆಗೆದು ಹಂಚಬಹುದು.

ಉಳಿದಂತೆ ಬೇಕಾಗುವುದು ಎರಡು ಬಣ್ಣದ ಪೆನ್ಸಿಲ್, ಗೋಡೆಗೆ ಅಂಟಿಸಲು ಎರಡು ಚಾರ್ಟ್, ಲಂಡನ್ ಮತ್ತು ಕಥೆ ಶುರುವಾಗುವ ಕೆಂಟ್ ಪ್ರಾಂತ್ಯ ಎರಡೂ ಕಾಣುವ ಒಂದು ನಕ್ಷೆ, ಒಂದು ಲಕೋಟೆ. ಲಕೋಟೆ ಯಾಕೆ ಅನ್ನುವುದು ಐದನೇ ಹಂತದಲ್ಲಿ ಬರುತ್ತದೆ.

ಹಂತ 1: ಅಧ್ಯಾಯಗಳನ್ನು ಮೂರು ಗುಂಪು ಮಾಡಿ

ಮೊದಲು ನೀವು ಪುಸ್ತಕವನ್ನು ಕೊನೆಯವರೆಗೆ ಓದಿ ಮುಗಿಸಿ. ಮಕ್ಕಳ ಜೊತೆಜೊತೆಗೆ ನಾನೂ ಓದಿಕೊಂಡು ಹೋಗುತ್ತೇನೆ ಅನ್ನುವುದು ಈ ಕಾದಂಬರಿಯಲ್ಲಿ ನಡೆಯುವುದಿಲ್ಲ. ಮುಂದೆ ಬಿಚ್ಚಿಕೊಳ್ಳುವ ಗುಟ್ಟಿನ ಸುಳಿವುಗಳು ಹತ್ತನೇ ಅಧ್ಯಾಯದಲ್ಲೇ ಇವೆ. ಅವು ಎಲ್ಲಿವೆ ಅಂತ ನಿಮಗೆ ಗೊತ್ತಿರಬೇಕು.

ಆಮೇಲೆ ಗುಂಪು ಮಾಡಿ. ಕ್ಲಾಸಿನಲ್ಲಿ ಗಟ್ಟಿಯಾಗಿ ಓದಲೇಬೇಕಾದವು ಒಂದು ಕಡೆ, ಮನೆಯಲ್ಲಿ ಓದಿಕೊಂಡು ಬರಬಹುದಾದವು ಇನ್ನೊಂದು ಕಡೆ, ನೀವೇ ಐದು ನಿಮಿಷದಲ್ಲಿ ಕಥೆ ಹೇಳಿ ದಾಟಿಸಬಹುದಾದವು ಮೂರನೇ ಕಡೆ. ನಾನು ಗಟ್ಟಿಯಾಗಿ ಓದಿಸುವವು 1, 2, 5, 8, 9, 18, 27, 39, 57 ಮತ್ತು 59. ಮನೆಗೆ ಕೊಡುವವು 3, 4, 7, 10, 14, 17, 29, 36, 44, 49 ಮತ್ತು 56. ಹದಿನಾಲ್ಕನೆಯದು ತೀರಾ ಚಿಕ್ಕದು, ಓದುವುದಕ್ಕೆ ಹೆದರುವ ಮಗುವಿಗೂ ಸಲೀಸು. ವೋಪ್ಸಲ್ ಅನ್ನುವ ಪಾತ್ರ ಮಾಡುವ ಹ್ಯಾಮ್ಲೆಟ್ ನಾಟಕದ 31ನೇ ಅಧ್ಯಾಯ, ಪಾಕೆಟ್ ಕುಟುಂಬದ ಗಲಾಟೆಯ 23ನೇ ಅಧ್ಯಾಯ ಇಂಥವನ್ನು ಸುಮ್ನೆ ಬಾಯಲ್ಲಿ ಹೇಳಿ ಮುಂದೆ ಹೋಗಿ.

ಎಲ್ಲವನ್ನೂ ಕ್ಲಾಸಿನಲ್ಲೇ ಓದಿಸುತ್ತೇನೆ ಅಂತ ಹಠ ಹಿಡಿದರೆ ವರ್ಷದ ಕೊನೆಗೆ ಅರ್ಧ ಪುಸ್ತಕ ಉಳಿಯುತ್ತದೆ. ಎಲ್ಲವನ್ನೂ ಮನೆಗೆ ಕೊಟ್ಟರೆ ಯಾರೂ ಓದುವುದಿಲ್ಲ. ಹಂಚಿಕೊಳ್ಳುವುದೇ ದಾರಿ.

ಹಂತ 2: ಮೊದಲ ದಿನ ಪೀಠಿಕೆ ಬೇಡ

ಕ್ಲಾಸಿಗೆ ಹೋಗಿ, ಪುಸ್ತಕ ತೆರೆಯಿಸಿ, ಮೊದಲ ಅಧ್ಯಾಯ ಓದಿ. ನೀವೇ ಓದಿ, ಮಕ್ಕಳು ಕಣ್ಣಾಡಿಸಲಿ. ಹಿಂದಿನ ಸಂಜೆ ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಂಡಿದ್ದರೆ ಒಳ್ಳೆಯದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಗೊತ್ತಿರುತ್ತದೆ.

ಅಧ್ಯಾಯ ಚಿಕ್ಕದು. ತಂದೆ ತಾಯಿ ಇಲ್ಲದ ಹುಡುಗ ಪಿಪ್ ಸ್ಮಶಾನದಲ್ಲಿ ಒಬ್ಬನೇ ಇದ್ದಾನೆ. ಸಮಾಧಿ ಕಲ್ಲಿನ ಅಕ್ಷರಗಳ ಆಕಾರ ನೋಡಿ ಅಪ್ಪ ಹೇಗಿದ್ದಿರಬಹುದು ಅಂತ ಊಹಿಸಿಕೊಳ್ಳುತ್ತಾನೆ. ಪಕ್ಕದಲ್ಲೇ ತೀರಿಹೋದ ಐವರು ಪುಟ್ಟ ಸಹೋದರರ ಚಿಕ್ಕ ಕಲ್ಲುಗಳು. ಅಷ್ಟರಲ್ಲಿ ಕಾಲಿಗೆ ಬೇಡಿ ಹಾಕಿಸಿಕೊಂಡಿರುವ ಕೈದಿಯೊಬ್ಬ ಹಾರಿ ಬಂದು ಹಿಡಿಯುತ್ತಾನೆ, ಹುಡುಗನನ್ನು ತಲೆಕೆಳಗು ಮಾಡಿ ಜೇಬು ಖಾಲಿ ಮಾಡಿಸುತ್ತಾನೆ, ಬೇಡಿ ಕೊಯ್ಯಲು ಅರ ಮತ್ತು ತಿನ್ನಲು ಊಟ ತಂದುಕೊಡು ಅಂತ ಹೆದರಿಸುತ್ತಾನೆ.

ಓದಿ ಮುಗಿಸಿದ ಮೇಲೆ ಪದಗಳ ಅರ್ಥ ಕೇಳಬೇಡಿ. ಒಂದೇ ಪ್ರಶ್ನೆ ಕೇಳಿ: ನೀವು ಪಿಪ್ ಆಗಿದ್ದರೆ ಮನೆಗೆ ಹೋಗಿ ಹೇಳುತ್ತಿದ್ದಿರಾ, ಕದ್ದು ತಂದುಕೊಡುತ್ತಿದ್ದಿರಾ? ಕನ್ನಡದಲ್ಲೇ ಉತ್ತರ ಕೊಡಲಿ, ಪರವಾಗಿಲ್ಲ. ಜಗಳ ಆಡಲಿ.

ಕೈದಿಗಳ ಹಡಗುಗಳ ಬಗ್ಗೆ ಹೇಳಬೇಕಾದದ್ದು ಎರಡನೇ ಅಧ್ಯಾಯದಲ್ಲಿ ತೋಪಿನ ಸದ್ದು ಕೇಳಿಸಿದಾಗ. ಹಳೆಯ ಹಡಗುಗಳನ್ನು ನದಿಯಲ್ಲಿ ಲಂಗರು ಹಾಕಿ ನಿಲ್ಲಿಸಿ ಜೈಲು ಮಾಡಿಕೊಂಡಿದ್ದರು, ಕೈದಿ ತಪ್ಪಿಸಿಕೊಂಡರೆ ತೋಪು ಹಾರಿಸುತ್ತಿದ್ದರು. ಮೂರು ವಾಕ್ಯ ಸಾಕು. ಮಕ್ಕಳೇ “ಅದೇನು ಸರ್ ಸದ್ದು?” ಅಂತ ಕೇಳಿದಾಗ ಹೇಳಿದ ಹಿನ್ನೆಲೆ ತಲೆಯಲ್ಲಿ ಉಳಿಯುತ್ತದೆ.

ಒಂದು ಮಾತು. ಪಿಪ್‌ನನ್ನು ಸಾಕುವುದು ಅವನ ಅಕ್ಕ ಮತ್ತು ಭಾವ ಜೋ. ಜೋ ಕಮ್ಮಾರ. ‘ಭಾವ’ ಅಂತ ಬಾಯಿ ತುಂಬಾ ಹೇಳಿ, ನಮ್ಮ ಮಕ್ಕಳಿಗೆ ಆ ಸಂಬಂಧ ತಕ್ಷಣ ಹತ್ತುತ್ತದೆ. ಅಕ್ಕ ಬೆತ್ತದಲ್ಲಿ ಹೊಡೆಯುವ ಭಾಗ ಓದುವಾಗ ಮಾತ್ರ ಕ್ಲಾಸಿನ ಮುಖಗಳನ್ನು ಗಮನಿಸಿ. ಮನೆಯಲ್ಲಿ ಏಟು ತಿನ್ನುವ ಮಗು ಅಲ್ಲಿ ಇರಬಹುದು. ಅದನ್ನು ನಗುವ ದೃಶ್ಯ ಮಾಡಿ ಓದಬೇಡಿ.

ಹಂತ 3: ಉದ್ದ ವಾಕ್ಯ ಬಿಡಿಸುವುದನ್ನು ಒಮ್ಮೆ ಸರಿಯಾಗಿ ಕಲಿಸಿ

ಎರಡನೇ ದಿನ ಮೊದಲ ಅಧ್ಯಾಯಕ್ಕೆ ವಾಪಸ್ ಬನ್ನಿ. ಮೂರನೇ ಪ್ಯಾರಾದಲ್ಲಿ ಒಂದು ದೊಡ್ಡ ವಾಕ್ಯ ಇದೆ. ಸ್ಮಶಾನದಿಂದ ಶುರುವಾಗಿ ಅಳುತ್ತಿರುವ ಪಿಪ್ ಹತ್ತಿರ ಮುಗಿಯುತ್ತದೆ. ಮಧ್ಯೆ ಸುಮಾರು ಸೆಮಿಕೋಲನ್‌ಗಳಿವೆ. ಒಬ್ಬ ವಿದ್ಯಾರ್ಥಿ ಸೆಮಿಕೋಲನ್‌ವರೆಗೆ ಮಾತ್ರ ಓದಲಿ, ಇನ್ನೊಬ್ಬಳು ಬೋರ್ಡ್ ಮೇಲೆ ಅಷ್ಟನ್ನೇ ಚಿತ್ರ ಬರೆಯಲಿ. ಮೊದಲು ಮುಳ್ಳುಗಿಡ ಬೆಳೆದ ಸ್ಮಶಾನ. ಆಮೇಲೆ ಅಪ್ಪ ಅಮ್ಮನ ಸಮಾಧಿ, ಮಕ್ಕಳ ಸಮಾಧಿ. ಅದರಾಚೆ ಜೌಗು ಬಯಲು. ಇನ್ನೂ ಆಚೆ ಸೀಸದ ಬಣ್ಣದ ಗೆರೆಯಂತೆ ನದಿ. ಅದಕ್ಕೂ ಆಚೆ ಗಾಳಿ ನುಗ್ಗಿ ಬರುವ ಸಮುದ್ರ. ಕೊನೆಗೆ ಇಷ್ಟೆಲ್ಲದರ ನಡುವೆ ನಡುಗುತ್ತಿರುವ ಸಣ್ಣ ಹುಡುಗ.

ಚಿತ್ರ ಮುಗಿದಾಗ ಮಕ್ಕಳೇ ಹೇಳುತ್ತಾರೆ: ನೋಟ ದೂರ ದೂರ ಹೋಗಿ, ಒಮ್ಮೆಲೇ ಹುಡುಗನ ಮೇಲೆ ಬಂದು ನಿಲ್ಲುತ್ತದೆ. ವಾಕ್ಯ ಯಾಕೆ ಅಷ್ಟು ಉದ್ದ ಅನ್ನುವುದಕ್ಕೆ ಅಲ್ಲಿಗೆ ಉತ್ತರ ಸಿಕ್ಕಿತು, ಅಲ್ವಾ?

ಇದಾದ ಮೇಲೆ ಯಾವ ಕಷ್ಟದ ವಾಕ್ಯಕ್ಕೂ ಇದೇ ವಿಧಾನ. ಮೊದಲು ಯಾರು, ಏನು ಮಾಡಿದರು ಅನ್ನುವುದಕ್ಕೆ ಗೆರೆ ಎಳೆಯಿರಿ. ಮಧ್ಯದ ತುಂಡುಗಳನ್ನು ಪಕ್ಕಕ್ಕಿಟ್ಟು ಓದಿ. ಆಮೇಲೆ ತುಂಡುಗಳನ್ನು ಒಂದೊಂದಾಗಿ ಸೇರಿಸಿ, ಕೊನೆಗೆ ಇಡೀ ವಾಕ್ಯ ಗಟ್ಟಿಯಾಗಿ.

ಇಲ್ಲಿ ಬಹಳ ಜನ ಮಾಡುವ ತಪ್ಪು ಸಾಲು ಸಾಲಾಗಿ ಕನ್ನಡಕ್ಕೆ ಅನುವಾದ ಮಾಡಿ ಹೇಳುವುದು. ಆಗ ಮಕ್ಕಳು ಇಂಗ್ಲಿಷ್ ಸಾಲು ಬಂದಾಗ ಕಿವಿ ಮುಚ್ಚಿಕೊಂಡು, ಕನ್ನಡ ಬಂದಾಗ ತೆರೆಯುತ್ತಾರೆ. ಚರ್ಚೆ ಕನ್ನಡದಲ್ಲಿ ಧಾರಾಳವಾಗಿ ನಡೆಯಲಿ. ಆದರೆ ತಮ್ಮ ಮಾತಿಗೆ ಆಧಾರವಾದ ಸಾಲನ್ನು ಮಕ್ಕಳು ಪುಸ್ತಕದಿಂದ ಇಂಗ್ಲಿಷ್‌ನಲ್ಲೇ ಓದಿ ತೋರಿಸಬೇಕು.

ಜೋ ಮತ್ತು ಕೈದಿಯ ಮಾತಿನ ಕಾಗುಣಿತ ನೋಡಿ ಮಕ್ಕಳು ಗಾಬರಿಯಾಗುತ್ತಾರೆ. ಬಾಯಿಬಿಟ್ಟು ಓದಿಸಿ, ಕಿವಿಗೆ ಬಿದ್ದ ಕೂಡಲೇ ಮುಕ್ಕಾಲು ಪಾಲು ಅರ್ಥವಾಗುತ್ತದೆ. ನಮ್ಮಲ್ಲೂ ಊರಿಂದ ಊರಿಗೆ ಮಾತು ಬೇರೆ. ಅದನ್ನು ತಪ್ಪು ಇಂಗ್ಲಿಷ್ ಅಂತ ತಿದ್ದಿಸಲು ಹೋಗಬೇಡಿ.

ಹಂತ 4: ಇಬ್ಬರು ಪಿಪ್‌ಗಳನ್ನು ಬೇರೆ ಮಾಡಿ ತೋರಿಸಿ

ಇಡೀ ಪಾಠದಲ್ಲಿ ಇದಕ್ಕೇ ಜಾಸ್ತಿ ಸಮಯ ಕೊಡಿ. ಕಥೆ ಹೇಳುತ್ತಿರುವವನು ದೊಡ್ಡವನಾದ ಪಿಪ್. ಕಥೆಯೊಳಗೆ ನಡೆದಾಡುವವನು ಚಿಕ್ಕ ಪಿಪ್. ಇದು ಗೊತ್ತಾಗದ ಮಗು ಮಧ್ಯದ ಅಧ್ಯಾಯಗಳಿಗೆ ಬಂದಾಗ “ಪಿಪ್ ಕೆಟ್ಟವನು, ಕೃತಜ್ಞತೆ ಇಲ್ಲದವನು” ಅಂತ ಬರೆದು ಪುಸ್ತಕ ಮುಚ್ಚುತ್ತದೆ. ಅವನ ಕೆಟ್ಟತನವನ್ನು ನಮಗೆ ಬಿಡಿಸಿ ಹೇಳುತ್ತಿರುವವನು ಅವನೇ ಅನ್ನುವುದು ತಪ್ಪಿಹೋಗುತ್ತದೆ.

ಬಣ್ಣದ ಪೆನ್ಸಿಲ್ ಈಗ ತೆಗೆಸಿ. ಎಂಟನೇ ಅಧ್ಯಾಯದಿಂದ ಶುರು ಮಾಡಿ. ಪಿಪ್ ಶ್ರೀಮಂತ ಹೆಂಗಸು ಮಿಸ್ ಹ್ಯಾವಿಶಮ್‌ಳ ಮನೆಗೆ ಹೋಗಿದ್ದಾನೆ. ಅಲ್ಲಿ ಗಡಿಯಾರಗಳೆಲ್ಲ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ನಿಂತುಹೋಗಿವೆ. ಅವಳು ಸಾಕಿಕೊಂಡ ಹುಡುಗಿ ಎಸ್ಟೆಲ್ಲಾ ಅವನ ಜೊತೆ ಇಸ್ಪೀಟು ಆಡುತ್ತಾಳೆ. ಅವನು ಎಲೆಗೆ ಹೇಳುವ ಹೆಸರು, ಅವನ ಒರಟು ಕೈ, ದಪ್ಪ ಬೂಟು ಎಲ್ಲವನ್ನೂ ಹಂಗಿಸುತ್ತಾಳೆ. ಆವರೆಗೆ ಪಿಪ್ ತನ್ನ ಕೈಯನ್ನು ಹಾಗೆ ನೋಡಿಕೊಂಡವನೇ ಅಲ್ಲ. ಜೋ ಇನ್ನಷ್ಟು ನಾಜೂಕಾಗಿ ಬೆಳೆದಿದ್ದರೆ ತಾನೂ ಹಾಗಿರುತ್ತಿದ್ದೆ ಅಂತ ಅವನಿಗೆ ಅನಿಸುತ್ತದೆ. ಹುಡುಗನ ಅನಿಸಿಕೆಗೆ ನೀಲಿ ಗೆರೆ, ದೊಡ್ಡವನು ಹಿಂತಿರುಗಿ ನೋಡಿ ಹೇಳುವ ಮಾತಿಗೆ ಕೆಂಪು ಗೆರೆ. ಮೊದಲ ಸಲ ಮಕ್ಕಳು ತಡವರಿಸುತ್ತಾರೆ, ಒಂದೇ ವಾಕ್ಯಕ್ಕೆ ಇಬ್ಬರು ಎರಡು ಬಣ್ಣ ಹಾಕುತ್ತಾರೆ. ಬಿಡಿ, ಅದೇ ಒಳ್ಳೆಯ ಚರ್ಚೆ.

ಒಂಬತ್ತನೇ ಅಧ್ಯಾಯವನ್ನು ಬಿಡಲೇಬಾರದು. ಮನೆಗೆ ಬಂದ ಪಿಪ್ ಬಾಯಿಗೆ ಬಂದ ಸುಳ್ಳು ಹೇಳುತ್ತಾನೆ: ಮಿಸ್ ಹ್ಯಾವಿಶಮ್ ಕಪ್ಪು ಮಖಮಲ್ಲಿನ ಸಾರೋಟಿನಲ್ಲಿ ಕೂತಿದ್ದಳು, ನಾಲ್ಕು ದೊಡ್ಡ ನಾಯಿಗಳು ಬೆಳ್ಳಿ ಬುಟ್ಟಿಯಲ್ಲಿದ್ದ ಮಾಂಸಕ್ಕೆ ಕಚ್ಚಾಡುತ್ತಿದ್ದವು ಅಂತ. ಮಕ್ಕಳು ನಗುತ್ತಾರೆ. ನಕ್ಕ ಮೇಲೆ ಕೇಳಿ, ಸುಳ್ಳು ಹೇಳಿದ್ದು ಯಾಕೆ? ಅವನಿಗೆ ಅಲ್ಲಿ ನಡೆದ ಅವಮಾನವನ್ನು ಹೇಳಿಕೊಳ್ಳಲು ಆಗುತ್ತಿರಲಿಲ್ಲ ಅನ್ನುವುದನ್ನು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಹೊಸ ಸ್ಕೂಲಿಗೆ ಸೇರಿದ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು.

ಇಪ್ಪತ್ತೇಳನೇ ಅಧ್ಯಾಯಕ್ಕೆ ಒಂದು ಪೂರ್ತಿ ಪೀರಿಯಡ್ ಇಡಿ. ಪಿಪ್ ಈಗ ಲಂಡನ್‌ನಲ್ಲಿ ಜಂಟಲ್‌ಮನ್. ಜೋ ನೋಡಲು ಬರುತ್ತಾನೆ. ದುಡ್ಡು ಕೊಟ್ಟು ಅವನು ಬರದಂತೆ ತಡೆಯಬಹುದಾಗಿದ್ದರೆ ಕೊಟ್ಟುಬಿಡುತ್ತಿದ್ದೆ ಅಂತ ಪಿಪ್ ಹೇಳುತ್ತಾನೆ. ಜೋ ತನ್ನ ಹ್ಯಾಟನ್ನು ಒಲೆಗೂಡಿನ ಮೂಲೆಯ ಮೇಲಿಡುತ್ತಾನೆ, ಅದು ಮತ್ತೆ ಮತ್ತೆ ಬೀಳುತ್ತದೆ, ಇವನು ಮತ್ತೆ ಮತ್ತೆ ಹಿಡಿಯುತ್ತಾನೆ. ಮಾತಿನ ಮಧ್ಯೆ ಒಮ್ಮೆ ‘ಪಿಪ್’ ಅನ್ನುತ್ತಾನೆ, ಒಮ್ಮೆ ‘ಸರ್’ ಅನ್ನುತ್ತಾನೆ. ಕ್ಲಾಸಿಗೆ ಕೆಲಸ ಇಷ್ಟೇ: ಜೋ ಎಲ್ಲೆಲ್ಲಿ ‘ಸರ್’ ಅಂದ, ಎಲ್ಲೆಲ್ಲಿ ‘ಪಿಪ್’ ಅಂದ, ಗುರುತು ಹಾಕಿ. ಆ ಗುರುತುಗಳನ್ನು ನೋಡಿದರೆ ಇಬ್ಬರ ನಡುವಿನ ದೂರ ಎಲ್ಲಿ ಹೆಚ್ಚಿತು, ಎಲ್ಲಿ ಕಮ್ಮಿಯಾಯಿತು ಅಂತ ಮಕ್ಕಳೇ ಹೇಳಬಲ್ಲರು. 57ನೇ ಅಧ್ಯಾಯದಲ್ಲಿ ಇದೇ ಕೆಲಸ ಮತ್ತೆ ಮಾಡಿಸಿ. ಅಲ್ಲಿ ಜೋ ಕಾಯಿಲೆ ಬಿದ್ದ ಪಿಪ್‌ನನ್ನು ಮಗುವಿನಂತೆ ಆರೈಕೆ ಮಾಡುತ್ತಾನೆ. ಪಿಪ್ ಚೇತರಿಸಿಕೊಂಡಂತೆಲ್ಲ ‘ಸರ್’ ಮತ್ತೆ ಬರುತ್ತದೆ.

ಈ ಹಂತ ಫಲ ಕೊಟ್ಟಿದೆ ಅಂತ ಗೊತ್ತಾಗುವುದು ಹೀಗೆ. “ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುತ್ತಿದ್ದಾನೆ ಮಿಸ್” ಅಂತ ಒಬ್ಬ ವಿದ್ಯಾರ್ಥಿ ನೀವು ಕೇಳದೆ ಹೇಳಿದರೆ ಸಾಕು.

ಹಂತ 5: ಗುಟ್ಟು ಕಾಪಾಡಿ, ಊಹೆ ಬರೆಯಿಸಿ

ಹದಿನೆಂಟನೇ ಅಧ್ಯಾಯದಲ್ಲಿ ವಕೀಲ ಜ್ಯಾಗರ್ಸ್ ಬಂದು, ಪಿಪ್‌ಗೆ ದೊಡ್ಡ ಆಸ್ತಿ ಬರಲಿದೆ, ಕೊಡುವವರು ಯಾರು ಅಂತ ಕೇಳಬಾರದು ಅನ್ನುತ್ತಾನೆ. ಅವತ್ತೇ ಎಲ್ಲರೂ ಚೀಟಿ ಬರೆಯಲಿ. ಕೊಡುತ್ತಿರುವವರು ಯಾರು, ಅದಕ್ಕೆ ಪುಸ್ತಕದಲ್ಲಿ ಆಧಾರ ಏನು, ಯಾವ ಅಧ್ಯಾಯ. ಚೀಟಿಗಳನ್ನು ಲಕೋಟೆಗೆ ಹಾಕಿ ಅಂಟಿಸಿ, ಗೋಡೆಗೆ ತೂಗುಹಾಕಿ. 39ನೇ ಅಧ್ಯಾಯ ಮುಗಿದ ದಿನ ತೆರೆಯಿರಿ. ದುಡ್ಡು ಕೊಟ್ಟವನು ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿದ್ದ ಮೊದಲ ಅಧ್ಯಾಯದ ಕೈದಿಯೇ ಅನ್ನುವ ಗುಟ್ಟು ಅಲ್ಲಿ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಹಿಂದಕ್ಕೆ ಹೋಗಿ ಸುಳಿವು ಹುಡುಕಿಸಿ. ಹತ್ತನೇ ಅಧ್ಯಾಯದಲ್ಲಿ ಅಪರಿಚಿತನೊಬ್ಬ ತನ್ನ ರಮ್ಮನ್ನು ಜೋನ ಅರದಿಂದ ಕಲಕಿದ್ದು ಯಾರ ಕಣ್ಣಿಗೆ ಬಿದ್ದಿತ್ತು? ಯಾರೂ ಗಮನಿಸಿಲ್ಲದಿದ್ದರೆ ಇನ್ನೂ ಒಳ್ಳೆಯದು, ಈಗ ಆ ಪುಟ ಬೇರೆಯಾಗಿ ಕಾಣುತ್ತದೆ.

ಗುಟ್ಟು ಸೋರುವ ಜಾಗಗಳು ಇವು: ಪುಸ್ತಕದ ಹಿಂಬದಿ ಬರಹ, ಸಂಪಾದಕರ ಮುನ್ನುಡಿ, ವಿಕಿಪೀಡಿಯ, ಸಿನಿಮಾ, ಗೈಡ್‌ನ ಮೊದಲ ಪುಟ. ಮುನ್ನುಡಿ ಕೊನೆಗೆ ಓದೋಣ ಅಂತ ಮೊದಲೇ ಹೇಳಿಬಿಡಿ. ಆದರೂ ಒಂದಿಬ್ಬರಿಗೆ ಗೊತ್ತಾಗಿರುತ್ತದೆ. ಅವರನ್ನು ಬೈಯಬೇಡಿ. ಸುಳಿವುಗಳ ದಾಖಲೆ ಪುಸ್ತಕ ಅವರಿಗೆ ಕೊಡಿ, ಬಾಯಿ ಮುಚ್ಚಿಕೊಂಡು ಬರೆಯುತ್ತಾ ಹೋಗಲಿ.

ಈ ಕಾದಂಬರಿ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ ಧಾರಾವಾಹಿಯಾಗಿ ಬಂತು. ಮೊದಲ ಕಂತಿನಲ್ಲಿ ಬಂದದ್ದು ಎರಡೇ ಅಧ್ಯಾಯ. ನಾಲ್ಕನೇ ಅಧ್ಯಾಯದ ಕೊನೆಗೆ ಪಿಪ್ ಬಾಗಿಲಿಗೆ ಓಡಿದಾಗ ಎದುರಿಗೆ ಬಂದೂಕು ಹಿಡಿದ ಸೈನಿಕರು, ಒಬ್ಬನ ಕೈಯಲ್ಲಿ ಕೋಳ. ಎರಡನೇ ಕಂತು ಅಲ್ಲಿಗೆ ನಿಂತಿತ್ತು. ನೀವೂ ಶುಕ್ರವಾರ ಅಲ್ಲಿಗೇ ನಿಲ್ಲಿಸಿ. ಸೋಮವಾರ ಪುಸ್ತಕ ತೆಗೆಯಿರಿ ಅಂತ ನೀವು ಹೇಳಬೇಕಾಗಿ ಬರುವುದಿಲ್ಲ.

ಹಂತ 6: ದುಡ್ಡಿನ ಪಟ್ಟಿ ಗೋಡೆಗೆ ಅಂಟಿಸಿ

ಒಂದು ಚಾರ್ಟ್ ಮೇಲೆ ಬರೆಯಿರಿ: 12 ಪೆನ್ಸ್ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್ ಒಂದು ಪೌಂಡ್, 21 ಶಿಲ್ಲಿಂಗ್ ಒಂದು ಗಿನಿ. ಕೆಳಗೆ ಕಥೆಯಲ್ಲಿ ಕೈ ಬದಲಾಯಿಸುವ ಪ್ರತಿ ಮೊತ್ತವನ್ನೂ ಮಕ್ಕಳೇ ಸೇರಿಸುತ್ತಾ ಹೋಗಲಿ. ಕಮ್ಮಾರಿಕೆ ಕಲಿಯಲು ಪಿಪ್ ಜೋನ ಹತ್ತಿರ ಸೇರುವಾಗ ಮಿಸ್ ಹ್ಯಾವಿಶಮ್ ಕೊಟ್ಟದ್ದು 25 ಗಿನಿ, ಅಂದರೆ 26 ಪೌಂಡ್ 5 ಶಿಲ್ಲಿಂಗ್. ಇಪ್ಪತ್ತೊಂದು ತುಂಬಿದಾಗ ಪಿಪ್‌ಗೆ ಗೊತ್ತಾದ ವರ್ಷದ ಮೊತ್ತ 500 ಪೌಂಡ್. ಅದು ಇದರ ಸುಮಾರು 19 ಪಟ್ಟು.

ಇವತ್ತಿನ ರೂಪಾಯಿಗೆ ಲೆಕ್ಕ ಹಾಕಲು ಹೋಗಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಪುಸ್ತಕದೊಳಗಿನ ಮೊತ್ತಗಳನ್ನೇ ಒಂದರ ಪಕ್ಕ ಒಂದು ಇಟ್ಟು ನೋಡಿ. ಹತ್ತನೇ ಅಧ್ಯಾಯದಲ್ಲಿ ಅಪರಿಚಿತ ಪಿಪ್‌ಗೆ ಕೊಟ್ಟ ಎರಡು ಒಂದು-ಪೌಂಡಿನ ನೋಟು 39ನೇ ಅಧ್ಯಾಯದಲ್ಲಿ ಹೇಗೆ ವಾಪಸ್ ಬರುತ್ತವೆ ನೋಡಿ. ಪಿಪ್‌ನನ್ನು ಬಿಟ್ಟುಕೊಡುವಾಗ ಪರಿಹಾರದ ದುಡ್ಡೇ ಬೇಡ ಅಂದ ಜೋ, ಕೊನೆಗೆ ಪಿಪ್‌ನ ಸಾಲ 123 ಪೌಂಡ್ 15 ಶಿಲ್ಲಿಂಗ್ 6 ಪೆನ್ಸ್ ತೀರಿಸಿ, ಹೇಳದೆ ಊರಿಗೆ ಹೋಗಿಬಿಡುತ್ತಾನೆ. ಪಟ್ಟಿಯ ಕೊನೆಯ ಸಾಲಿಗೆ ಆ ಅಂಕಿ ಬಂದಾಗ ಯಾರು ಯಾರಿಗೆ ಯಾಕೆ ಕೊಟ್ಟರು ಅನ್ನುವ ಮಾತು ತಾನಾಗಿ ಶುರುವಾಗುತ್ತದೆ.

ಕಾನೂನಿನದು ಒಂದೇ ವಿಷಯ ಸಾಕು. ಜೀವಾವಧಿಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರಾದವನು ಇಂಗ್ಲೆಂಡಿಗೆ ಮರಳಿ ಬಂದರೆ ಈ ಕಥೆಯಲ್ಲಿ ಮರಣದಂಡನೆ. ಇದನ್ನು 39ನೇ ಅಧ್ಯಾಯದ ದಿನ ಹೇಳಿ. ಕಾದಂಬರಿ ಬಂದದ್ದು 1860-61ರಲ್ಲಾದರೂ ಕಥೆ ನಡೆಯುವುದು ಅದಕ್ಕಿಂತ ಬಹಳ ಹಿಂದೆ. ಪಿಪ್ ಲಂಡನ್‌ಗೆ ಹೋಗುವುದು ಕುದುರೆ ಗಾಡಿಯಲ್ಲಿ, ಸುಮಾರು ಐದು ಗಂಟೆ ಪ್ರಯಾಣ. ನಕ್ಷೆ ತೆಗೆದು ಆ ದಾರಿ ತೋರಿಸಿ.

ಹಂತ 7: ಮನೆಯ ಓದಿಗೆ ಒಂದೇ ಪ್ರಶ್ನೆ

“ಹತ್ತನೇ ಅಧ್ಯಾಯ ಓದಿಕೊಂಡು ಬನ್ನಿ” ಅಂದರೆ ಓದುವುದಿಲ್ಲ. “ಹತ್ತನೇ ಅಧ್ಯಾಯದಲ್ಲಿ ಪಿಪ್‌ಗೆ ಭಯವಾದ ಕ್ಷಣ ಯಾವುದು? ಸಾಲು ಗುರುತು ಹಾಕಿಕೊಂಡು ಬನ್ನಿ” ಅಂದರೆ ಓದುತ್ತಾರೆ. ಉತ್ತರ ಪುಸ್ತಕದ ಪುಟದಲ್ಲಿ ಮಾತ್ರ ಸಿಗುವಂತಿರಬೇಕು. ಸಾರಾಂಶ ನೋಡಿ ಬರೆಯಬಹುದಾದ ಪ್ರಶ್ನೆ ಕೊಡಲೇಬೇಡಿ. ಪೀರಿಯಡ್‌ನ ಮೊದಲ ಎರಡು ನಿಮಿಷ ಆ ಸಾಲುಗಳನ್ನು ಓದಿಸಿ. ಓದದೆ ಬಂದವರು ಪಕ್ಕದವರ ಸಾಲು ಕೇಳಿಸಿಕೊಂಡು ಕಥೆ ಹಿಡಿದುಕೊಳ್ಳಲಿ.

ಮಧ್ಯದಲ್ಲಿ ಗಮನಿಸಬೇಕಾದ ಅಪಾಯದ ಸೂಚನೆಗಳು

ಐದಾರು ನೋಟ್‌ಬುಕ್‌ಗಳಲ್ಲಿ ಒಂದೇ ವಾಕ್ಯ ಕಂಡರೆ ಗೈಡ್ ಕ್ಲಾಸಿಗೆ ಬಂದಿದೆ ಅಂತ ಅರ್ಥ. ಗೈಡ್ ಕಿತ್ತುಕೊಳ್ಳುವ ಬದಲು ಮುಂದಿನ ಪ್ರಶ್ನೆ ಬದಲಾಯಿಸಿ.

ಮಕ್ಕಳು ಪಾತ್ರಗಳ ಹೆಸರು ಕಲಸಿಬಿಡುತ್ತಿದ್ದರೆ ನೀವು ಬೇಗ ಓಡುತ್ತಿದ್ದೀರಿ. ಇಪ್ಪತ್ತನೇ ಅಧ್ಯಾಯದ ನಂತರ ಲಂಡನ್‌ನ ಹೊಸ ಮುಖಗಳು ಒಟ್ಟಿಗೆ ಬರುತ್ತವೆ. ಎರಡನೇ ಚಾರ್ಟ್ ಮೇಲೆ ಹೆಸರು, ಎಲ್ಲಿ ಮೊದಲು ಕಂಡರು, ಅವರದೇ ಆದ ಒಂದು ಚಾಳಿ ಬರೆದಿಡಿ. ಜ್ಯಾಗರ್ಸ್ ಕೈ ತೊಳೆಯುತ್ತಲೇ ಇರುತ್ತಾನೆ. ಗುಮಾಸ್ತ ವೆಮಿಕ್ ಆಫೀಸಿನಲ್ಲಿ ಒಬ್ಬ, ವಾಲ್‌ವರ್ತ್‌ನ ಮನೆಯಲ್ಲಿ ಇನ್ನೊಬ್ಬ.

28ರಿಂದ 38ರವರೆಗೆ ಕ್ಲಾಸು ಮಂಕಾಗುವುದು ಸಾಮಾನ್ಯ. ಅಲ್ಲಿ ಹೆಚ್ಚಿನದನ್ನು ಬಾಯಲ್ಲಿ ಹೇಳಿ ಬೇಗ ದಾಟಿ, 39ಕ್ಕೆ ಬನ್ನಿ. ಮಳೆ ಗಾಳಿಯ ರಾತ್ರಿ, ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಆ ಅಧ್ಯಾಯವನ್ನು ನೀವೇ ಓದಿ, ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳಬೇಡಿ.

“ಇದು ಎಕ್ಸಾಮಿಗೆ ಬರುತ್ತಾ ಸರ್?” ಅನ್ನುವ ಪ್ರಶ್ನೆ ದಿನಾ ಬರತೊಡಗಿದರೆ, ಹಿಂದಿನ ಕೆಲವು ಕ್ಲಾಸುಗಳಲ್ಲಿ ಗಟ್ಟಿ ಓದು ನಿಂತುಹೋಗಿದೆಯೇ ನೋಡಿಕೊಳ್ಳಿ.

ಹಂತ 8: ಬರೆಯಿಸುವುದು ಕೊನೆಗೆ, ಸಣ್ಣದಾಗಿ

ಮೊದಲೇ ದೊಡ್ಡ ಪ್ರಬಂಧ ಬೇಡ. ಒಂದು ಪ್ಯಾರಾ. ಅದರಲ್ಲಿ ತಮ್ಮ ಒಂದು ಮಾತು, ಪುಸ್ತಕದ ಒಂದು ಸಾಲು, ಆ ಸಾಲಿನ ಯಾವ ಪದ ತಮ್ಮ ಮಾತನ್ನು ಹಿಡಿದು ನಿಲ್ಲಿಸುತ್ತದೆ ಅನ್ನುವ ವಿವರಣೆ. ಮೂರನೆಯದನ್ನು ಮಕ್ಕಳು ಹಾರಿಸಿಬಿಡುತ್ತಾರೆ. ಅದಿಲ್ಲದ ಪ್ಯಾರಾವನ್ನು ಅಂಕ ಹಾಕದೆ ವಾಪಸ್ ಕೊಡಿ.

“ಜೋನ ಪಾತ್ರ ವಿವರಿಸಿ” ಅನ್ನುವುದು ಗೈಡ್‌ಗೆ ಕರೆ ಕಳಿಸುವ ಪ್ರಶ್ನೆ. “27ನೇ ಅಧ್ಯಾಯದಲ್ಲಿ ಜೋನ ಹ್ಯಾಟ್ ಬೀಳುವುದನ್ನು ಲೇಖಕರು ಅಷ್ಟು ಹೊತ್ತು ಯಾಕೆ ತೋರಿಸುತ್ತಾರೆ?” ಅನ್ನುವುದಕ್ಕೆ ಪುಸ್ತಕ ತೆರೆಯದೆ ಗತಿಯಿಲ್ಲ.

ಕೊನೆಯ ಬರವಣಿಗೆಗೆ ಎರಡು ಮುಕ್ತಾಯಗಳನ್ನು ಕೊಡಿ. ಡಿಕನ್ಸ್ ಮೊದಲು ಬರೆದದ್ದು ಬೇರೆ ಕೊನೆ. ಅದರಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಲಂಡನ್‌ನ ಪಿಕಡಿಲಿ ಬೀದಿಯಲ್ಲಿ ಅಕಸ್ಮಾತ್ ಭೇಟಿಯಾಗಿ, ನಾಲ್ಕು ಮಾತಾಡಿ ಬೇರೆಯಾಗುತ್ತಾರೆ. ಅವಳಿಗೆ ಆಗಲೇ ಎರಡನೇ ಮದುವೆಯಾಗಿದೆ. ಗೆಳೆಯ ಬುಲ್ವರ್ ಲಿಟನ್ ಹೇಳಿದ ಮೇಲೆ ಅದನ್ನು ಬದಲಾಯಿಸಿ, ಮಿಸ್ ಹ್ಯಾವಿಶಮ್‌ಳ ಪಾಳುಬಿದ್ದ ಮನೆಯಂಗಳದಲ್ಲಿ ಇಬ್ಬರೂ ಮತ್ತೆ ಭೇಟಿಯಾಗುವ ಈಗಿನ ಕೊನೆ ಬರೆದರು. ಎಷ್ಟೋ ಆವೃತ್ತಿಗಳಲ್ಲಿ ಹಳೆಯದನ್ನು ಅನುಬಂಧವಾಗಿ ಹಾಕಿರುತ್ತಾರೆ. ಎರಡನ್ನೂ ಒಂದೇ ದಿನ ಓದಿಸಿ, ಯಾವುದು ಈ ಕಥೆಗೆ ಹೊಂದುತ್ತದೆ ಅಂತ ಕೈ ಎತ್ತಿಸಿ, ಎಣಿಸಿ ಬೋರ್ಡ್ ಮೇಲೆ ಬರೆಯಿರಿ. ಆಮೇಲೆ ಪ್ರತಿಯೊಬ್ಬರೂ ತಾವು ಕೈ ಎತ್ತದ ಕೊನೆಯ ಪರವಾಗಿ, ಮೊದಲ ಹತ್ತು ಅಧ್ಯಾಯಗಳಿಂದ ಎರಡು ಸಾಲು ಆಧಾರ ಕೊಟ್ಟು, ಒಂದು ಪುಟ ಬರೆಯಲಿ. ಬರೆದು ಮುಗಿಸಿದ ಮೇಲೆ ಮತ್ತೊಮ್ಮೆ ಕೈ ಎತ್ತಿಸಿ, ಬೋರ್ಡ್ ಮೇಲಿನ ಲೆಕ್ಕ ಬದಲಾಯಿತೇ ನೋಡಿ.